ತೂಕದ ಯಂತ್ರದ ಪಕ್ಕದಲ್ಲಿ ಟೇಪೂ ಇರಲಿ

ಮಾನ್ಯ ಸಂಪಾದಕರೇ,

ಆರೋಗ್ಯ ಶಿಬಿರಗಳಲ್ಲಿ ಎತ್ತರ, ತೂಕ ನೋಡಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಸೂಚ್ಯಂಕ) ಬರೆದುಕೊಡುವುದು ವಾಡಿಕೆ. ಅದು 23ರೊಳಗಿದ್ದರೆ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ತುಂಬುವ ಕಾಯಿಲೆ) ಭಯವಿಲ್ಲ ಎಂದು ಜನ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ ಇರುವ ನಮ್ಮ ಮೈಕಟ್ಟಿಗೆ ಈ ಲೆಕ್ಕ ಸಾಲದು. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ತೋರಿಸಿದ್ದರು. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2!

ಕರುಳಿನ ಸುತ್ತ ಸೇರಿದ ಕೊಬ್ಬು ಕರಗಿ ರಕ್ತಕ್ಕೆ ಇಳಿದರೆ, ಅದು ಮೊದಲು ಸೇರುವುದು ಯಕೃತ್ತನ್ನೇ. ತೊಡೆಯ ಕೊಬ್ಬಿಗೆ ಆ ನೇರ ದಾರಿಯಿಲ್ಲ. ಹಾಗಾಗಿ ಹೊಟ್ಟೆಯ ಸುತ್ತಳತೆ ಮುಖ್ಯ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ನಮ್ಮ ಮಿತಿ.

ಅಳೆಯುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಪ್ಯಾಂಟಿನ ಸೈಜು ಹೊಟ್ಟೆಯ ಅಳತೆಯಲ್ಲ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. ಪಕ್ಕದಲ್ಲಿ ಕೈಯಾಡಿಸಿ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಹುಡುಕಿ, ಎರಡರ ನಡುಮಧ್ಯಕ್ಕೆ ಟೇಪು ಸುತ್ತಬೇಕು. ಪಾದ ಜೋಡಿಸಿ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಹೊಟ್ಟೆ ಒಳಗೆಳೆದುಕೊಳ್ಳಬಾರದು, ಬೆನ್ನಿನ ಕಡೆ ಟೇಪು ಜಾರಬಾರದು, ಸೀರೆಯ ನೆರಿಗೆಯ ಮೇಲೆ ಅಳೆಯಬಾರದು. ಎರಡು ಸಲ ಅಳೆದು ಸರಾಸರಿ ಬರೆಯಿರಿ. ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ರೋಗ) ರೋಗಿಗಳಲ್ಲಿ ಮಾತ್ರ ಈ ಅಳತೆಗೂ ತೂಕಕ್ಕೂ ಅರ್ಥವಿಲ್ಲ. ಅವರ ತೋಳಿನ ಸುತ್ತಳತೆ ನೋಡಬೇಕು.

ಇನ್ನೊಂದು ಅಳತೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ: ಮೀನಖಂಡದ ಸುತ್ತಳತೆ. ಅತಿ ದಪ್ಪನೆಯ ಭಾಗದಲ್ಲಿ ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರಬಹುದು. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಸ್ನಾಯು ಕಡಿಮೆಯಾದಷ್ಟೂ ಯಕೃತ್ತಿನ ಮೇಲೆ ಹೊರೆ. ಊಟ ಬಿಟ್ಟು ದಿಢೀರನೆ ತೂಕ ಇಳಿಸುವವರು ಕಳೆದುಕೊಳ್ಳುವುದು ಈ ಸ್ನಾಯುವನ್ನೂ ಸೇರಿಸಿಯೇ. ತೂಕ ಶೇ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, ಉರಿಯೂತ ತಗ್ಗಲು ಶೇ 7ರಿಂದ 10 ಬೇಕು. ತೆಳ್ಳಗಿನವರಿಗೆ ಶೇ 3ರಿಂದ 5 ಸಾಕಾಗಬಹುದು. ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಮೀರದಂತೆ, ಬೇಳೆ, ಮೊಟ್ಟೆ, ಮೊಸರು ಬಿಡದೆ ಇಳಿಸಬೇಕು.

ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲೂ ಹೊಟ್ಟೆಯ ಸುತ್ತಳತೆಯ ಕಾಲಂ ಇದೆ. ಅದನ್ನು ಅಂದಾಜಿನಿಂದ ತುಂಬದಂತೆ ಪ್ರತಿಯೊಬ್ಬರಿಗೂ ಹಿಗ್ಗದ ಟೇಪು ಮತ್ತು ಅರ್ಧ ದಿನದ ತರಬೇತಿಯನ್ನು ಆರೋಗ್ಯ ಇಲಾಖೆ ಕೊಡಲಿ.

– ಪಥ್ಯಾಹಾರ ತಜ್ಞರು, ಮೈಸೂರು