ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ: ಟೆಂಡರ್ ದಾಖಲೆಗೆ ಕನ್ನಡದಲ್ಲಿ ಒಂದು ಮೊದಲ ಪುಟ ಹಾಕಿಸಿ

ಮಾನ್ಯ ಲೋಕೋಪಯೋಗಿ ಸಚಿವರಿಗೆ ನಮಸ್ಕಾರಗಳು.

ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರ್ ಹೇಗೆ ನಡೆಯಬೇಕೆಂದು ಹೇಳುವ ರಾಜ್ಯದ ಕೆಟಿಪಿಪಿ ಕಾಯ್ದೆ ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. 1999ರ ಕಾಯ್ದೆಯೂ 2000ದ ನಿಯಮಗಳೂ ಕೂತು ಓದಿದರೆ ಅರ್ಥವಾಗುವಂತೆಯೇ ಇವೆ. ವಿನಾಯಿತಿ ಇದ್ದಲ್ಲಿ ಬಿಟ್ಟು ಬೇರೆಲ್ಲ ಕಡೆ ಟೆಂಡರ್ ಕರೆಯಿರಿ, ಅಳೆಯುವ ಮಾನದಂಡ ಮೊದಲೇ ಹೇಳಿ, ಹೇಳಿದ ಮಾನದಂಡದಲ್ಲೇ ಅಳೆಯಿರಿ, ಅರ್ಹರಲ್ಲಿ ಕಡಿಮೆ ದರದವರಿಗೆ ಕೊಡಿ. ಸಾರ ಇಷ್ಟೇ. ಗುತ್ತಿಗೆದಾರ ಸೋಲುವುದು ಕಾಯ್ದೆಯ ಕಲಮಿನಲ್ಲಲ್ಲ, ಟೆಂಡರ್ ದಾಖಲೆಯ ಖಾಲಿ ಜಾಗಗಳಲ್ಲಿ. ಕೆಡಬ್ಲ್ಯು ಎಂಬ ಹೆಸರಿನ, ಸಂಖ್ಯೆವಾರು ಇರುವ ಮಾದರಿ ಟೆಂಡರ್ ದಾಖಲೆಗಳು ರಾಜ್ಯಕ್ಕೆಲ್ಲ ಒಂದೇ. ಅವುಗಳಲ್ಲಿ ಬಿಟ್ಟಿರುವ ಜಾಗ ತುಂಬುವುದು, ಕೊನೆಗೆ ‘ಹೆಚ್ಚುವರಿ ಷರತ್ತು’ಗಳ ಹಾಳೆ ಲಗತ್ತಿಸುವುದು ವಿಭಾಗ ಕಚೇರಿಯಲ್ಲಿ. ಕಾಯ್ದೆ ಆರ್ಥಿಕ ಇಲಾಖೆಯದ್ದು ಎಂದು ತಾವು ಹೇಳಬಹುದು. ಆ ಜಾಗ ತುಂಬುವವರು ಮಾತ್ರ ತಮ್ಮ ಇಲಾಖೆಯ ಕಾರ್ಯಪಾಲಕ ಇಂಜಿನಿಯರುಗಳೇ.

ಕೆಡಬ್ಲ್ಯು-4ರ ಬಿಡ್ ಕೆಪ್ಯಾಸಿಟಿ, ಅಂದರೆ ಗುತ್ತಿಗೆದಾರ ಇನ್ನೆಷ್ಟು ಮೊತ್ತದ ಕೆಲಸ ಹೊರಬಲ್ಲ ಎಂದು ಅಳೆಯುವ ಸೂತ್ರವನ್ನೇ ತೆಗೆದುಕೊಳ್ಳಿ: ಎ × ಎನ್ × 1.5 − ಬಿ. ‘ಎ’ ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಸಿವಿಲ್ ಕೆಲಸದ ಮೊತ್ತ, ಇಂದಿನ ಬೆಲೆಗೆ ಏರಿಸಿದ್ದು. ‘ಎನ್’ ಈ ಕಾಮಗಾರಿ ಮುಗಿಸಲು ಕೊಟ್ಟ ಅವಧಿ, ವರ್ಷಗಳ ಲೆಕ್ಕದಲ್ಲಿ. ‘ಬಿ’ ಅದೇ ಅವಧಿಯಲ್ಲಿ ಮುಗಿಸಬೇಕಿರುವ, ಈಗಾಗಲೇ ಕೈಯಲ್ಲಿರುವ ಕೆಲಸ. ಸೂತ್ರ ಎಲ್ಲರಿಗೂ ಬಾಯಿಪಾಠ. ಹಾಗಿದ್ದೂ ಒಬ್ಬನೇ ಗುತ್ತಿಗೆದಾರ ಒಂದೇ ಕಾಗದಪತ್ರದಲ್ಲಿ ಒಂದು ವಿಭಾಗದಲ್ಲಿ ಪಾಸು, ಪಕ್ಕದ ವಿಭಾಗದಲ್ಲಿ ಫೇಲು ಆಗಬಹುದು.

ಹೇಗೆಂದು ಲೆಕ್ಕ ಹಾಕಿ ನೋಡೋಣ. ಕಾಮಗಾರಿ 1 ಕೋಟಿಯದು, ಅವಧಿ 6 ತಿಂಗಳು. ಗುತ್ತಿಗೆದಾರನ ಗರಿಷ್ಠ ವರ್ಷ ಮೂರು ವರ್ಷ ಹಿಂದಿನದು, ಮೊತ್ತ 2 ಕೋಟಿ. ಕೈಯಲ್ಲಿರುವ ಕೆಲಸ 97 ಲಕ್ಷ. ಹಳೆಯ ಮೊತ್ತವನ್ನು ವರ್ಷಕ್ಕೆ ಶೇ 10ರಂತೆ ಏರಿಸಿ ಎಂದು ದಾಖಲೆ ಹೇಳುತ್ತದೆ, ಸರಳವೋ ಚಕ್ರವೋ ಹೇಳುವುದಿಲ್ಲ. ಸರಳ ಲೆಕ್ಕದಲ್ಲಿ ‘ಎ’ 260 ಲಕ್ಷ. ಅದನ್ನು 0.5ರಿಂದ, ಮತ್ತೆ 1.5ರಿಂದ ಗುಣಿಸಿದರೆ 195 ಲಕ್ಷ. 97 ಕಳೆದರೆ ಉಳಿಯುವುದು 98 ಲಕ್ಷ, ಕಾಮಗಾರಿಯ 1 ಕೋಟಿಗಿಂತ ಕಡಿಮೆ, ಬಿಡ್ ತಿರಸ್ಕೃತ. ಚಕ್ರ ಲೆಕ್ಕದಲ್ಲಿ ‘ಎ’ 266.2 ಲಕ್ಷ, ಗುಣಿಸಿದರೆ 199.65, ಉಳಿಯುವುದು 102.65 ಲಕ್ಷ, ಬಿಡ್ ಅರ್ಹ. ದಾಖಲೆಯಲ್ಲಿ ಒಂದು ಪದ ಇಲ್ಲದಿರುವುದಕ್ಕೆ ಇಡೀ ಟೆಂಡರ್ ಆಚೀಚೆಯಾಗುತ್ತದೆ.

‘ಬಿ’ಯಲ್ಲಿ ತಪ್ಪುವವರು ಹೆಚ್ಚಾಗಿ ಗುತ್ತಿಗೆದಾರರೇ. ಉಳಿದಿರುವ ಕೆಲಸದ ಪೂರ್ತಿ ಮೊತ್ತ ಬರೆದುಬಿಡುತ್ತಾರೆ. 120 ಲಕ್ಷದ ಕೆಲಸ ಬಾಕಿ ಇದ್ದು ಅದಕ್ಕೆ ಇನ್ನೂ 12 ತಿಂಗಳ ಅವಧಿ ಇದ್ದರೆ, ಮುಂದಿನ 6 ತಿಂಗಳ ಪಾಲು 60 ಲಕ್ಷ ಮಾತ್ರ. ಇದನ್ನು ಒಂದು ಉದಾಹರಣೆ ಕೊಟ್ಟು ದಾಖಲೆಯಲ್ಲೇ ತೋರಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

‘ಎನ್’ ವಿಷಯ ಬೇರೆ. ಅದು ಬರೀ ಅವಧಿಯಲ್ಲ, ಗೇಟು. 9 ತಿಂಗಳಿಗೆ ‘ಎನ್’ 0.75. ಅದೇ ಕೆಲಸಕ್ಕೆ 4 ತಿಂಗಳು ಎಂದು ಬರೆದರೆ 0.33. ಯಾವ ಷರತ್ತನ್ನೂ ಬಿಗಿ ಮಾಡದೆ ಎಲ್ಲರ ‘ಎ × ಎನ್ × 1.5’ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಸಣ್ಣವರು ತಾವಾಗಿಯೇ ಹೊರಗುಳಿಯುತ್ತಾರೆ. ಅವಧಿಯನ್ನು ಯಾವ ಲೆಕ್ಕದ ಮೇಲೆ ಇಟ್ಟರು ಎಂಬುದು ದಾಖಲೆಯಲ್ಲಿ ಎಲ್ಲೂ ಇರುವುದಿಲ್ಲ. ಇನ್ನು ಮಳೆಗಾಲ. ‘ಮಳೆಗಾಲ ಹೊರತುಪಡಿಸಿ 6 ತಿಂಗಳು’ ಎಂದಿದ್ದರೆ ಕ್ಯಾಲೆಂಡರಿನಲ್ಲಿ ಅದು 10 ತಿಂಗಳಾಗಬಹುದು. ಆಗ ‘ಎನ್’ 0.5 ಆಗಬೇಕೋ 0.83 ಆಗಬೇಕೋ? ಎರಡಕ್ಕೂ ವಾದ ಇದೆ, ‘ಬಿ’ಯೂ ಅದಕ್ಕೆ ತಕ್ಕಂತೆ ಏರುತ್ತದೆ. ಯಾವುದೋ ಒಂದನ್ನು ಮೊದಲೇ ಬರೆಯಿರಿ, ಅಷ್ಟು ಸಾಕು.

ಹೆಚ್ಚುವರಿ ಷರತ್ತುಗಳ ಹಾಳೆಗೆ ಬರೋಣ. ಡಾಂಬರು ಮಿಶ್ರಣ ತಯಾರಿಸುವ ಹಾಟ್ ಮಿಕ್ಸ್ ಪ್ಲಾಂಟ್ ಕಾಮಗಾರಿ ಸ್ಥಳದಿಂದ ಇಂತಿಷ್ಟು ಕಿಲೋಮೀಟರ್ ಒಳಗಿರಬೇಕು ಎಂಬ ಷರತ್ತಿಗೆ ತಾಂತ್ರಿಕ ಕಾರಣ ಇದೆ. ಡಾಂಬರು ಮಿಶ್ರಣ ದಾರಿಯಲ್ಲೇ ತಣ್ಣಗಾದರೆ ರೋಲರ್ ಎಷ್ಟು ಓಡಿಸಿದರೂ ಸರಿಯಾಗಿ ಕೂರುವುದಿಲ್ಲ. ಆದರೆ ಅಂತರಕ್ಕಿಂತ ಮುಖ್ಯವಾದದ್ದು ಮಿಶ್ರಣ ರಸ್ತೆಗೆ ಬಿದ್ದಾಗ ಇರುವ ಉಷ್ಣಾಂಶ. ಅದನ್ನು ಥರ್ಮಾಮೀಟರ್ ಇಟ್ಟು ಅಳೆಯಬಹುದು. ಕಿಲೋಮೀಟರ್ ಲೆಕ್ಕ ಇಟ್ಟರೆ ಆ ವ್ಯಾಪ್ತಿಯಲ್ಲಿ ಪ್ಲಾಂಟ್ ಇರುವ ಒಬ್ಬಿಬ್ಬರ ಕೈಗೆ ಕೀಲಿ ಕೊಟ್ಟಂತೆ. ಬೇರೆಯವರು ಅವರ ಬಳಿಯೇ ಹೋಗಿ ಒಪ್ಪಂದಪತ್ರ ಬೇಡಬೇಕು, ಅವರೂ ಅದೇ ಟೆಂಡರಿಗೆ ಬಿಡ್ ಹಾಕಿರುತ್ತಾರೆ. ಅರ್ಹತೆಗೆ ಕೇಳುವ ‘ಸಿಮಿಲರ್ ವರ್ಕ್’, ಅಂದರೆ ಹಿಂದೆ ಮಾಡಿದ ಅದೇ ಬಗೆಯ ಕೆಲಸ, ಎಂಬುದರ ಕಥೆಯೂ ಹೀಗೇ. ಕಾಂಕ್ರೀಟ್ ಚರಂಡಿ ಸಮೇತ ರಸ್ತೆ ಎಂದು ಕರೆದ ಟೆಂಡರಿಗೆ ಬರೀ ರಸ್ತೆ ಮಾಡಿದವನು ಅರ್ಹನೇ? ಉತ್ತರ ದಾಖಲೆಯಲ್ಲಿ ಇರಬೇಕು, ಪರಿಶೀಲನಾ ಸಮಿತಿ ಕೂತ ದಿನ ಹುಟ್ಟಬಾರದು.

ಕಾಲಾವಕಾಶದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಡ್ ಸಲ್ಲಿಸಲು ಕೊಡಬೇಕಾದ ಕನಿಷ್ಠ ದಿನಗಳನ್ನು ಕಡಿಮೆ ಮಾಡಬೇಕಾದರೆ ಟೆಂಡರ್ ಆಹ್ವಾನಿಸುವ ಪ್ರಾಧಿಕಾರಕ್ಕಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಡಬೇಕು ಎಂದು ನಿಯಮ 17 ಹೇಳುತ್ತದೆ. ಅಲ್ಪಾವಧಿ ಟೆಂಡರ್ ಪ್ರಕಟಣೆಯ ಜತೆಗೇ ಆ ಒಪ್ಪಿಗೆಯ ಪ್ರತಿಯನ್ನೂ ರಾಜ್ಯದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ಗೆ ಏರಿಸಲಿ. ಕಾರಣ ನಿಜವಾಗಿದ್ದರೆ ತೋರಿಸಲು ಅಂಜಿಕೆ ಏಕೆ? ತಿದ್ದೋಲೆಗೂ ಒಂದು ಮಾತು: ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಪರಿಮಾಣ ಪಟ್ಟಿ ತಿದ್ದಿದರೆ ದರ ಪೂರ್ತಿ ಮತ್ತೆ ಕಟ್ಟಬೇಕು. ಇಷ್ಟರೊಳಗೆ ಬಿಡ್ ಏರಿಸಿ ಮುಗಿಸಿದವರಿಗೆ ತಿದ್ದೋಲೆ ಬಂದದ್ದು ಹಲವೊಮ್ಮೆ ಗೊತ್ತಾಗುವುದೇ ಇಲ್ಲ.

ಇನ್ನು ದರದೊಳಗೆ ಏನೇನು ಸೇರಿದೆ ಎಂಬ ಪ್ರಶ್ನೆ. ‘ಎಲ್ಲ ತೆರಿಗೆ ಸೇರಿ’ ಎಂಬ ಮೂರು ಪದಕ್ಕೆ ಎಷ್ಟು ಬೆಲೆ ಎಂದು 2022ರ ಜುಲೈ 18ರ ನಂತರ ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ಸರ್ಕಾರಿ ಕಾಮಗಾರಿಗಳ ಪೈಕಿ ಬಹುಪಾಲಿಗೆ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಅದಕ್ಕೂ ಮೊದಲು ದರ ಕೊಟ್ಟು ಕೆಲಸ ನಡೆಸುತ್ತಿದ್ದವರಿಗೆ ವ್ಯತ್ಯಾಸದ ಶೇ 6 ಯಾರ ಜೇಬಿನಿಂದ ಎಂಬುದು ದಾಖಲೆಯ ಒಂದೇ ಸಾಲಿನ ಮೇಲೆ ನಿಂತಿತ್ತು. ಆ ಸಾಲು ಹಲವು ದಾಖಲೆಗಳಲ್ಲಿ ಇರಲೇ ಇಲ್ಲ.

ಬಿಲ್ಲಿನಲ್ಲಿ ಆಗುವ ಕಡಿತಗಳನ್ನೂ ಮೊದಲೇ ಬರೆಯಬಹುದು. ತೆರಿಗೆ ಬಿಟ್ಟು 10 ಲಕ್ಷದ ಬಿಲ್ಲಿಗೆ ಜಿಎಸ್‌ಟಿ ಟಿಡಿಎಸ್ ಶೇ 2, ಅಂದರೆ 20,000 ರೂಪಾಯಿ. ಕಟ್ಟಡ ಕಾರ್ಮಿಕರ ಸೆಸ್ ಶೇ 1, ಅಂದರೆ 10,000. ಆದಾಯ ತೆರಿಗೆ ವ್ಯಕ್ತಿಗೆ ಶೇ 1, ಕಂಪನಿ ಅಥವಾ ಪಾಲುದಾರಿಕೆಗೆ ಶೇ 2. ಇವುಗಳ ಮೇಲೆ ಭದ್ರತಾ ಠೇವಣಿ, ಜಲ್ಲಿ-ಮರಳಿನಂಥ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ. ಜಿಎಸ್‌ಟಿ ಟಿಡಿಎಸ್ ಹಣ ಕಳೆದುಹೋಗುವುದಿಲ್ಲ, ಗುತ್ತಿಗೆದಾರನ ಜಿಎಸ್‌ಟಿ ಲೆಡ್ಜರ್‌ಗೆ ಬರುತ್ತದೆ. ಆದರೆ ಬಟವಾಡೆ ಅಧಿಕಾರಿ ಮುಂದಿನ ತಿಂಗಳ 10ರೊಳಗೆ ಈ ಕಡಿತದ ವಿವರ ಪತ್ರವಾದ ಜಿಎಸ್‌ಟಿಆರ್-7 ಸಲ್ಲಿಸಬೇಕು, ಜಿಎಸ್‌ಟಿ ಸಂಖ್ಯೆಯನ್ನು ತಪ್ಪಿಲ್ಲದೆ ಹಾಕಬೇಕು, ಗುತ್ತಿಗೆದಾರ ಪೋರ್ಟಲ್‌ನಲ್ಲಿ ಒಪ್ಪಿಕೊಳ್ಳಬೇಕು. ಮೂರರಲ್ಲಿ ಒಂದು ತಪ್ಪಿದರೆ ಹಣ ಇದ್ದೂ ಇಲ್ಲದಂತೆ. ವಿಭಾಗ ಕಚೇರಿಯ ಲೆಕ್ಕ ಶಾಖೆಗೆ ಈ ಗಡುವು ನೆನಪಿಸುವುದು ದೊಡ್ಡ ಕೆಲಸವೇನಲ್ಲ.

ರಾಯಲ್ಟಿಯದು ಇನ್ನೂ ಗೋಜಲು. ಜಲ್ಲಿ, ಎಂ-ಸ್ಯಾಂಡ್ ಕ್ರಷರಿನಿಂದ ಬರುವಾಗ ರಾಯಲ್ಟಿ ಅಲ್ಲೇ ಕಟ್ಟಿರಬೇಕು. ಅದಕ್ಕೆ ಸಾಕ್ಷಿ ಲಾರಿಯ ಜತೆ ಬರುವ ಖನಿಜ ಸಾಗಣೆ ಪರವಾನಗಿ, ಸೈಟಿನ ಭಾಷೆಯಲ್ಲಿ ಎಂಡಿಪಿ. ಅದನ್ನು ತೋರಿಸದಿದ್ದರೆ ಬಿಲ್ಲಿನಲ್ಲಿ ರಾಯಲ್ಟಿಯನ್ನೂ ದಂಡವನ್ನೂ ಮುರಿದುಕೊಳ್ಳುತ್ತಾರೆ. ತೋರಿಸು ಎಂದು ಕೇಳುವುದು ಮಾತ್ರ ಕೊನೆಯ ಬಿಲ್ಲಿನ ಹೊತ್ತಿಗೆ, ಲೋಡು ಬಂದು ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಚೀಟಿ ಮಳೆಯಲ್ಲಿ ನೆನೆದಿರುತ್ತದೆ, ಇಲ್ಲವೇ ಡ್ರೈವರ್ ಜೇಬಿನಲ್ಲೇ ಹೋಗಿರುತ್ತದೆ. ಲೋಡು ಇಳಿದ ದಿನವೇ ಸಹಾಯಕ ಇಂಜಿನಿಯರ್ ಎಂಡಿಪಿ ಸಂಖ್ಯೆ, ವಾಹನ ಸಂಖ್ಯೆ, ಪ್ರಮಾಣ ಮೂರನ್ನೂ ಸೈಟಿನ ರಿಜಿಸ್ಟರಿಗೆ ಬರೆದು ಸಹಿ ಹಾಕಲಿ. ಕೆಲಸ ನಡೆಯುತ್ತಿರುವಾಗಲೇ ಆಗುವ ಪ್ರತಿ ರನ್ನಿಂಗ್ ಬಿಲ್ಲಿನಲ್ಲೂ ಅಲ್ಲಿಯವರೆಗಿನ ರಾಯಲ್ಟಿ ಚುಕ್ತಾ ಆಗಲಿ. ಕಳ್ಳ ಜಲ್ಲಿ ತರುವವನು ಆಗಲೇ ಸಿಕ್ಕಿಬೀಳುತ್ತಾನೆ, ನೆಟ್ಟಗೆ ತಂದವನು ದಂಡ ತೆರುವುದು ತಪ್ಪುತ್ತದೆ.

ತಿರಸ್ಕಾರದ ವಿಷಯಕ್ಕೆ ಬಂದರೆ, ತಾಂತ್ರಿಕ ಬಿಡ್ ತೆರೆದ ಮೇಲೆ ಅನರ್ಹ ಎಂಬ ಒಂದು ಪದ ಕಾಣುತ್ತದೆ. ಯಾವ ಷರತ್ತು, ಯಾವ ಕಾಗದ, ಲೆಕ್ಕದಲ್ಲಿ ಎಷ್ಟು ಕಡಿಮೆ ಎಂಬುದು ಇರುವುದಿಲ್ಲ. ಮರುದಿನವೇ ಆರ್ಥಿಕ ಬಿಡ್ ತೆರೆದರೆ ಉಳಿದವರ ದರ ಊರಿಗೆಲ್ಲ ಗೊತ್ತಾಗಿರುತ್ತದೆ. ಆಮೇಲೆ ತಪ್ಪು ತಿದ್ದಿಕೊಳ್ಳಲು ಅಧಿಕಾರಿಗೂ ಮುಜುಗರ. ಕಲಂ 16ರಡಿ ಮೇಲ್ಮನವಿಗೆ ಆದೇಶ ಕೈಸೇರಿದ ದಿನದಿಂದ 30 ದಿನ ಇದೆ, ನಿಜ. ಆದೇಶದಲ್ಲಿ ಕಾರಣವೇ ಇಲ್ಲದಿದ್ದರೆ ಮೇಲ್ಮನವಿಯಲ್ಲಿ ಏನೆಂದು ಬರೆಯುವುದು? ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೈಕೋರ್ಟಿಗೆ ರಿಟ್ ಹಿಡಿದು ಓಡುವವರಲ್ಲಿ ಹಲವರಿಗೆ ಬೇಕಿರುವುದು ತಡೆಯಾಜ್ಞೆಯಲ್ಲ, ಆ ಕಾರಣ. ಬಿಡ್ ಕೆಪ್ಯಾಸಿಟಿಯನ್ನು ಸಮಿತಿ ಹೇಗೆ ಲೆಕ್ಕ ಹಾಕಿತು ಎಂಬ ಹಾಳೆಯನ್ನು ಪೋರ್ಟಲ್‌ಗೆ ಏರಿಸಿ, ಆಕ್ಷೇಪಣೆಗೆ ಐದು ಕೆಲಸದ ದಿನ ಕೊಟ್ಟು, ಆಮೇಲೆ ದರ ತೆರೆಯುವ ಕ್ರಮ ತನ್ನಿ. ಐದು ದಿನದಲ್ಲಿ ರಸ್ತೆ ಎಲ್ಲೂ ಓಡಿಹೋಗದು.

ಆದ್ದರಿಂದ ನಮ್ಮ ಬೇಡಿಕೆ ಒಂದು ಹಾಳೆಯದು. ಪ್ರತಿ ಟೆಂಡರ್ ದಾಖಲೆಯ ಮೊದಲ ಪುಟ ಕನ್ನಡದಲ್ಲಿರಲಿ. ಮಾದರಿ ದಾಖಲೆಗಿಂತ ಬೇರೆಯಾದ ಷರತ್ತುಗಳು ಯಾವುವು, ಒಂದೊಂದಕ್ಕೂ ಕಾರಣವೇನು. ಅವಧಿಯಲ್ಲಿ ಮಳೆಗಾಲ ಸೇರಿದೆಯೇ, ‘ಎನ್’ ಎಷ್ಟು. ಬೆಲೆ ಏರಿಕೆ ಸರಳವೋ ಚಕ್ರವೋ. ‘ಸಿಮಿಲರ್ ವರ್ಕ್’ ಎಂದರೆ ಏನು. ದರದಲ್ಲಿ ಜಿಎಸ್‌ಟಿ, ರಾಯಲ್ಟಿ ಸೇರಿವೆಯೇ. ಬಿಲ್ಲಿನಲ್ಲಿ ಏನೇನು, ಎಷ್ಟೆಷ್ಟು ಕಡಿತ. ಕೆಳಗೆ ಕಾರ್ಯಪಾಲಕ ಇಂಜಿನಿಯರ್ ಸಹಿ. ಇಂಗ್ಲಿಷ್ ದಾಖಲೆ ಅದರ ಹಿಂದೆ ಈಗಿನಂತೆಯೇ ಇರಲಿ, ಅದನ್ನು ಯಾರೂ ಬೇಡವೆನ್ನುತ್ತಿಲ್ಲ.

ಇದಕ್ಕೆ ವಿಧಾನಸಭೆಗೆ ಹೋಗಬೇಕಿಲ್ಲ. ಈ ಪುಟ ಇಲ್ಲದ ದಾಖಲೆಯನ್ನು ಅನುಮೋದಿಸಬೇಡಿ ಎಂದು ಮುಖ್ಯ ಇಂಜಿನಿಯರುಗಳಿಗೆ ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು. ಇಲಾಖೆಯ ಮುಂದಿನ ದರಪಟ್ಟಿ (ಎಸ್‌ಆರ್) ಜಾರಿಗೆ ಬರುವ ಮೊದಲೇ ಅದು ಹೊರಟರೆ, ಹೊಸ ದರದ ಅಂದಾಜು ಪಟ್ಟಿಗಳ ಜತೆಗೇ ಈ ಪುಟವೂ ತಯಾರಾಗುತ್ತದೆ.

ಗೌರವಪೂರ್ವಕವಾಗಿ,
ಟೆಂಡರ್ ಹಾಕುವ, ಬಿಲ್ಲು ಬರೆಯುವ ಕೆಲವು ಗುತ್ತಿಗೆದಾರರು