'ಕೆಲಸ ಮುಗಿದಿದೆ' ಎಂಬ ಫಾರ್ಮಿಗೆ ನಾವು ಸಹಿ ಹಾಕುವುದಿಲ್ಲ

ಇಂದ:
ಕಾರ್ಯದರ್ಶಿ,
ಜಲಸಂರಕ್ಷಣಾ ಸಂಸ್ಥೆ,
ಕೊತ್ರೂಡ್, ಪುಣೆ

ಇವರಿಗೆ:
ವ್ಯವಸ್ಥಾಪಕ ನಿರ್ದೇಶಕರು,
ಪ್ರಧಾನ ಕಚೇರಿ, ಬೆಂಗಳೂರು

ವಿಷಯ: ಎಂಟರ್‌ಪ್ರೈಸ್ ಜಿಐಎಸ್ (ನಕ್ಷೆ-ಮಾಹಿತಿ ತಂತ್ರಾಂಶ) ಅಳವಡಿಕೆಯ ಲೋಪಗಳು ಮತ್ತು ಕೊನೆಯ ಕಂತಿನ ಬಿಲ್ ವಾಪಸ್ ಕಳಿಸುತ್ತಿರುವ ಬಗ್ಗೆ

ಮಾನ್ಯರೇ,

ನಿಮ್ಮ ಕೊನೆಯ ಕಂತಿನ ಬಿಲ್ ಬಂದಿದೆ. ಜೊತೆಗೆ 'ಕೆಲಸ ತೃಪ್ತಿಕರವಾಗಿ ಮುಗಿದಿದೆ' ಎಂದು ನಾವು ಸಹಿ ಹಾಕಿ ಕೊಡಬೇಕಾದ ಒಂದು ಫಾರ್ಮೂ ಬಂದಿದೆ. ಎರಡನ್ನೂ ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇವೆ. ಕೆಲಸ ಮುಗಿದಿಲ್ಲ. ಸರ್ವರ್‌ನಲ್ಲಿ ತಂತ್ರಾಂಶ ಕೂತಿದೆ, ಅಷ್ಟೆ. ನಮಗೆ ಬೇಕಿದ್ದದ್ದು ಹಳ್ಳಿಯ ಬಾವಿ ಕಟ್ಟೆಯ ಮೇಲೆ ನಿಂತ ಹುಡುಗನ ಮೊಬೈಲ್‌ನಲ್ಲಿ ನಕ್ಷೆ ತೆರೆಯುವುದು. ಅದು ಇವತ್ತಿಗೂ ತೆರೆಯುವುದಿಲ್ಲ.

ಬೇಕಂತಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆರ್ಡರ್ ಹಿಡಿಯುವಾಗ ನಿಮ್ಮ ಮಾರಾಟ ವಿಭಾಗದವರು ಪುಣೆಗೆ ಬಂದು 'ನಾವೂ ನಿಮ್ಮವರೇ ಸಾರ್, ಒಂದು ಫೋನ್ ಹಾಕಿದ್ರೆ ಸಾಕು' ಅಂದಿದ್ದರು. ಈಗ ಫೋನ್ ಮಾಡಿದರೆ 'ಟಿಕೆಟ್ ಹಾಕಿ', ಅಂದರೆ ಆನ್‌ಲೈನ್‌ನಲ್ಲಿ ದೂರು ದಾಖಲಿಸಿ, ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಟಿಕೆಟ್ ಹಾಕಿದರೆ ಏನೂ ಸರಿಯಾಗದೆ 'ಕ್ಲೋಸ್ಡ್' ಅಂತ ಉತ್ತರ ಬರುತ್ತದೆ. ಕನ್ನಡದಲ್ಲಿ ಬರೆದರಾದರೂ ಯಾರೋ ಒಬ್ಬರು ಪೂರ್ತಿ ಓದಬಹುದು ಅಂತ ಆಸೆ.

ನಮ್ಮ ಕೆಲಸ ನಿಮಗೆ ಗೊತ್ತು. ಆಫೀಸ್ ಪುಣೆಯಲ್ಲಿದ್ದರೂ ನಾವು ಓಡಾಡುವುದು ಭೀಮಾ ನದಿಯ ಕೆಳಗಿನ ಸೀಮೆಯಲ್ಲಿ. ಅಕ್ಕಲಕೋಟೆ, ಮೈಂದರ್ಗಿ, ದುಧನಿ, ಆ ಕಡೆ ಜತ್ ತಾಲೂಕಿನ ಉಮದಿ, ಗಡಿ ದಾಟಿದರೆ ಚಡಚಣ, ಇಂಡಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಇರುವ ಊರುಗಳೇ ಜಾಸ್ತಿ. ಅಲ್ಲಿನ ರೈತರ ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ನಕ್ಷೆಗೆ ಏರಿಸುವುದು ನಮ್ಮ ಕೆಲಸ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ 4 ಸಲ ಅಳೆಯುತ್ತದೆ: ಜನವರಿ, ಮಳೆಗೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ನಾವೂ ಅದೇ ಹೊತ್ತಿಗೆ ಅಳೆಯುತ್ತೇವೆ, ಹೋಲಿಸಿ ನೋಡಲು ಸಿಗಲಿ ಅಂತ. ಬೇಸಿಗೆಯದು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಮಳೆ ಬಿದ್ದ ಮೇಲೆ ಹೋಗಿ 'ಮೇ ತಿಂಗಳಲ್ಲಿ ನೀರು ಎಷ್ಟಿತ್ತು' ಅಂತ ಬಾವಿಯನ್ನು ಕೇಳಲಾಗದು, ಅಲ್ವಾ?

ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಬಗ್ಗೆ ನಮ್ಮ ದೂರಿಲ್ಲ. ಅದೇ ತಂತ್ರಾಂಶವನ್ನು ಬೇರೆಯವರು ಚೆನ್ನಾಗಿ ನಡೆಸುತ್ತಿರುವುದನ್ನು ನೋಡಿಯೇ ತೆಗೆದುಕೊಂಡೆವು. ದೂರು ಇರುವುದು ಅದನ್ನು ಕೂರಿಸಿದ ರೀತಿಯ ಬಗ್ಗೆ.

ಅದರಲ್ಲಿ ಮುಖ್ಯವಾಗಿ 4 ಭಾಗ. ನಕ್ಷೆ ಕೊಡುವ ಸರ್ವರ್, ಜನ ಲಾಗಿನ್ ಆಗುವ ಪೋರ್ಟಲ್, ಮಾಹಿತಿ ಇಡುವ ಡೇಟಾ ಸ್ಟೋರ್, ಇವುಗಳ ಮುಂದೆ ನಿಂತು ಹೊರಗಿನಿಂದ ಬಂದ ಕೋರಿಕೆಯನ್ನು ಒಳಗೆ ಕಳಿಸುವ ವೆಬ್ ಅಡಾಪ್ಟರ್. ಇವನ್ನು ಕೂರಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಜನ ಇದನ್ನು ಯಾವ ವಿಳಾಸದಿಂದ ತೆರೆಯುತ್ತಾರೆ? ನಿಮ್ಮ ಇಂಜಿನಿಯರ್ ಅದನ್ನು ಕೇಳಲೇ ಇಲ್ಲ. ನಮ್ಮ ಡೊಮೇನ್ ಹೆಸರು ಒಪ್ಪಂದದ ಮೊದಲ ಪುಟದಲ್ಲೇ ಇದೆ. ಅದನ್ನು ಬಿಟ್ಟು, ಆಫೀಸಿನ ಒಳಗೆ ಮಾತ್ರ ನಡೆಯುವ, ಕೊನೆಗೆ 'ಡಾಟ್ ಲೋಕಲ್' ಇರುವ ಯಂತ್ರದ ಹೆಸರಿನಲ್ಲೇ ಪೋರ್ಟಲ್ ಎಬ್ಬಿಸಿದರು. ಅದೇ ಹೆಸರಿನಲ್ಲಿ ಸರ್ವರನ್ನು ಪೋರ್ಟಲ್‌ಗೆ ಫೆಡರೇಟ್ ಮಾಡಿದರು, ಅಂದರೆ ಬೆಸೆದರು. ಡೆಮೊ ಕೊಟ್ಟಿದ್ದು ಎಲ್ಲಿ? ಆಫೀಸಿನ ಒಳಗೆ, ಅದೇ ವೈಫೈನಲ್ಲಿ. ಎಲ್ಲ ಸರಾಗವಾಗಿ ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮರುವಾರ ಅಕ್ಕಲಕೋಟೆಯಿಂದ ಫೋನ್ ಬಂತು. ಲಾಗಿನ್ ಒತ್ತಿದರೆ ಬ್ರೌಸರ್ ಆ 'ಡಾಟ್ ಲೋಕಲ್' ವಿಳಾಸ ಹುಡುಕಿಕೊಂಡು ಹೋಗುತ್ತದೆ. ಪುಣೆಯ ನಮ್ಮ ಆಫೀಸಿನ ಆಚೆ ಆ ಹೆಸರು ಯಾರಿಗೂ ಗೊತ್ತಿಲ್ಲ. ವಿಳಾಸ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್ ಕೂಡ ನಿಮ್ಮವರು ಅಲ್ಲೇ ತಾವೇ ತಯಾರಿಸಿ ಹಾಕಿದ್ದು, ಫೋನ್ ಅದನ್ನು ನಂಬುವುದಿಲ್ಲ. ಸರಿಯಾದ ಸರ್ಟಿಫಿಕೇಟ್ ಹಾಕೋಣ ಎಂದರೆ, ಸರ್ಟಿಫಿಕೇಟ್ ಕೊಡುವ ಸಾರ್ವಜನಿಕ ಸಂಸ್ಥೆಗಳು 'ಡಾಟ್ ಲೋಕಲ್' ಹೆಸರಿಗೆ ಕೊಡುವುದನ್ನು ವರ್ಷಗಳ ಹಿಂದೆಯೇ ನಿಲ್ಲಿಸಿವೆ. ಈ ವೃತ್ತಿಯಲ್ಲಿರುವವರಿಗೆ ಇದು ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ. ಬಾಗಿಲು ಇಡದೆ ಮನೆ ಕಟ್ಟಿ ಗೃಹಪ್ರವೇಶದ ಊಟ ಹಾಕಿಸಿದ ಹಾಗಾಯಿತು.

ಹೆಸರು ಬದಲಿಸಿ ಕೊಡಿ ಎಂದೆವು. 'ಅದು ಸ್ಕೋಪ್‌ನಲ್ಲಿಲ್ಲ, ಹೊಸ ಕೊಟೇಶನ್ ಕಳಿಸ್ತೇವೆ' ಎಂಬ ಉತ್ತರ ಬಂತು. ಕೆಲಸ ದೊಡ್ಡದು ಅನ್ನುವುದನ್ನು ಒಪ್ಪುತ್ತೇನೆ. ಹೆಸರು ಬದಲಿಸಲು ಫೆಡರೇಶನ್ ಬಿಡಿಸಿದರೆ ನಕ್ಷೆಯ ಪದರಗಳಿಗೆ (ಒಂದೊಂದು ಬಗೆಯ ಮಾಹಿತಿಯ ಹಾಳೆಗಳಿಗೆ) ಪೋರ್ಟಲ್ ಕೊಟ್ಟ ಗುರುತುಗಳು ಹೋಗುತ್ತವೆ, ಅವನ್ನು ನಂಬಿ ಕಟ್ಟಿದ ನಕ್ಷೆಗಳೆಲ್ಲ ಒಡೆಯುತ್ತವೆ. ಅದಕ್ಕೇ ಅಲ್ವಾ ಮೊದಲೇ ಕೇಳಬೇಕಿದ್ದದ್ದು? ಇದು ನಮ್ಮ ಹೊಸ ಬೇಡಿಕೆಯಲ್ಲ. 'ಹೊರಗಿನ ತಾಲೂಕುಗಳಿಂದ ಮೊಬೈಲ್ ಮೂಲಕ ಮಾಹಿತಿ ತುಂಬುವ ವ್ಯವಸ್ಥೆ' ಎಂದು ನಿಮ್ಮದೇ ಪ್ರಸ್ತಾವನೆಯಲ್ಲಿ ಬರೆದಿದೆ. ಅದನ್ನು ಮಾಡದೆ ಉಳಿದದ್ದಕ್ಕೆಲ್ಲ ಬಿಲ್ ಹಾಕುವುದು ಯಾವ ನ್ಯಾಯ?

ಇದಕ್ಕಿಂತ ಕೆಟ್ಟದ್ದು ಇದಾದ ಮೇಲೆ ನಡೆದದ್ದು. ನಾವು ಗಲಾಟೆ ಮಾಡಿದಾಗ ನಿಮ್ಮ ಇಂಜಿನಿಯರ್ ಒಂದು ಅಡ್ಡದಾರಿ ಹುಡುಕಿದರು. ವೆಬ್ ಅಡಾಪ್ಟರ್ ಇರುವುದೇ ಹೊರಗಡೆಗೆ 443 ಎಂಬ ಒಂದೇ ಪೋರ್ಟ್ (ಸರ್ವರ್‌ನ ಬಾಗಿಲು) ತೆರೆದರೆ ಸಾಕು ಅಂತ. ಅವರು ಅದನ್ನು ಬದಿಗಿಟ್ಟು ಸರ್ವರ್‌ನ 6080 ಪೋರ್ಟ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ಬಿಟ್ಟರು. ಅದರಲ್ಲಿ ಹೋಗುವ ಮಾಹಿತಿಗೆ ಗೂಢಲಿಪಿ ಇಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಲಾಗಿನ್ ನಡೆಯುತ್ತಿರಲಿಲ್ಲವಲ್ಲ, ಅದಕ್ಕೂ ಉಪಾಯ ಮಾಡಿದರು: ಬಾವಿಗಳ ಪದರವನ್ನು 'ಎಲ್ಲರಿಗೂ' ಅಂತ ಹಂಚಿಬಿಟ್ಟರು, ತಿದ್ದುವ ಹಕ್ಕಿನ ಸಮೇತ. ಆ ಪದರದಲ್ಲಿ ಏನೇನಿದೆ ಗೊತ್ತೇ? ರೈತನ ಹೆಸರು, ಮೊಬೈಲ್ ನಂಬರ್, ಸರ್ವೆ ನಂಬರ್, ಬೋರ್ ಎಷ್ಟು ಆಳ, ಮೋಟಾರ್ ಎಷ್ಟು ಎಚ್‌ಪಿ. ಎರಡು ರಾಜ್ಯಗಳ ರೈತರು ನಮ್ಮ ಮುಖ ನೋಡಿ ಕೊಟ್ಟ ಮಾಹಿತಿ ಅದು. ಬೋರ್ ಕೊರೆಯುವ ಏಜೆಂಟರಿಗೆ ಇಂಥ ಪಟ್ಟಿ ಸಿಕ್ಕರೆ ಏನು ಮಾಡುತ್ತಾರೆ ಅನ್ನುವುದು ಹಳ್ಳಿಯಲ್ಲಿ ಓಡಾಡಿದವರಿಗೆ ಗೊತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದಕ್ಕೆ ಮೊದಲು ಉತ್ತರ ಹೇಳಬೇಕಾದವರು ಮಾಹಿತಿ ಸಂಗ್ರಹಿಸಿದ ನಾವು. ಅಂದರೆ ನೀವು ತೆರೆದಿಟ್ಟ ಪೋರ್ಟಿಗೆ ನಾವು ಹೊಣೆ. ನಮ್ಮನ್ನು ಒಂದು ಮಾತು ಕೇಳದೆ ಇದನ್ನು ಮಾಡಿದ್ದಾರೆ. ಗೊತ್ತಾದ ಕೂಡಲೇ ಫೈರ್‌ವಾಲ್‌ನಲ್ಲಿ ನಾವೇ ಮುಚ್ಚಿದೆವು.

ಮುಚ್ಚುವ ಮುಂಚೆ ಬೇಸಿಗೆಯ ಅಳತೆ ನಡೆದಿತ್ತು. ನಿಮ್ಮವರು ಬರೆದುಕೊಟ್ಟ ಒಂದು ಪುಟ್ಟ ವೆಬ್ ಪುಟದಲ್ಲಿ ಹುಡುಗರು ಅಳತೆ ತುಂಬುತ್ತಿದ್ದರು. ಒತ್ತಿದಾಗಲೆಲ್ಲ ಹಸಿರು ಅಕ್ಷರದಲ್ಲಿ 'ಉಳಿಸಲಾಗಿದೆ' ಅಂತ ಬರುತ್ತಿತ್ತು. ಆದರೆ ಏನೂ ಉಳಿದಿರಲಿಲ್ಲ. ಆಗಿದ್ದು ಇಷ್ಟು. ರಾತ್ರಿಯ ಬ್ಯಾಕಪ್ ಅನ್ನು ಡೇಟಾ ಸ್ಟೋರ್ ಇರುವ ಡಿಸ್ಕ್‌ನಲ್ಲೇ ಇಡುವಂತೆ ಮಾಡಿದ್ದರು. ಹಳೆಯದನ್ನು ಅಳಿಸುವ ಏರ್ಪಾಡು ಇರಲಿಲ್ಲ. ದಿನಾ ಒಂದೊಂದು ಬ್ಯಾಕಪ್ ಸೇರಿ ಡಿಸ್ಕ್ ತುಂಬಿತು. ಜಾಗ ತೀರಾ ಕಡಿಮೆಯಾದರೆ ಡೇಟಾ ಸ್ಟೋರ್ ತನ್ನನ್ನು ತಾನೇ ಓದಲು ಮಾತ್ರದ ಸ್ಥಿತಿಗೆ ಹಾಕಿಕೊಳ್ಳುತ್ತದೆ. ಇದು ಸರಿಯಾದ ನಡವಳಿಕೆಯೇ, ಇದ್ದ ಮಾಹಿತಿ ಕೆಡದಿರಲಿ ಅಂತ. ಆಗ ಹೊಸದಾಗಿ ಬಂದ ದಾಖಲೆಗಳನ್ನು ಅದು ನಿರಾಕರಿಸಿತು. ಆದರೆ ಈ ಸರ್ವರ್ ದೋಷವನ್ನು ಉತ್ತರದ ಒಳಗೆ ಬರೆದು ಕಳಿಸುತ್ತದೆ. ಮೇಲಿನ ಸ್ಥಿತಿ ಸಂಖ್ಯೆ ಮಾತ್ರ 200, ಅಂದರೆ 'ಸರಿ', ಅಂತಲೇ ಇರುತ್ತದೆ. ನಿಮ್ಮ ಪುಟ ಆ 200 ನೋಡಿ ಖುಷಿಪಟ್ಟು ಹಸಿರು ಅಕ್ಷರ ತೋರಿಸಿತು. ಒಳಗೆ ಏನು ಬರೆದಿದೆ ಅಂತ ತೆರೆದೂ ನೋಡಲಿಲ್ಲ.

ಉಮದಿ ಕಡೆಯ ಒಬ್ಬ ಹುಡುಗ ತನ್ನ ಅಭ್ಯಾಸದಂತೆ ಡೈರಿಯಲ್ಲೂ ಬರೆದುಕೊಂಡಿದ್ದ. ಅವನ ಬಾವಿಗಳಷ್ಟೇ ಉಳಿದವು. ಉಳಿದ ತಾಲೂಕುಗಳ ಈ ವರ್ಷದ ಬೇಸಿಗೆ ಕಾಲಂ ಖಾಲಿ. ಇದಕ್ಕೆ ನೀವು ಎಷ್ಟು ಪರಿಹಾರ ಕೊಟ್ಟರೂ ಆ ಅಂಕಿ ವಾಪಸ್ ಬರುವುದಿಲ್ಲ. ಅದಕ್ಕೇ ದುಡ್ಡಿನ ಲೆಕ್ಕ ಆಮೇಲೆ ಮಾತಾಡೋಣ.

ಹಳೆಯ ಮಾಹಿತಿಯ ಕಥೆ ಬೇರೆಯೇ ಇದೆ. ಅದನ್ನು ಹೊಸ ವ್ಯವಸ್ಥೆಗೆ ಏರಿಸುವ ಕೆಲಸಕ್ಕೆ ನೀವು ಪ್ರತ್ಯೇಕ ದುಡ್ಡು ತೆಗೆದುಕೊಂಡಿದ್ದೀರಿ. ನಮ್ಮ ಅಳತೆಗಳೆಲ್ಲ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗ ಗುರುತಿಸುವ ಪದ್ಧತಿ) 43ನೇ ವಲಯದವು. 72ರಿಂದ 78 ಡಿಗ್ರಿ ರೇಖಾಂಶದವರೆಗೆ ಆ ವಲಯ. ಪುಣೆ, ಸೋಲಾಪುರ, ವಿಜಯಪುರ ಎಲ್ಲ ಅದರಲ್ಲೇ ಬರುತ್ತವೆ. ನಿಮ್ಮವರು ಒಂದಿಡೀ ಕಡತವನ್ನು 44ನೇ ವಲಯ ಅಂತ ಏರಿಸಿದರು. ಪ್ರತಿ ಬಾವಿಯೂ ಸರಿಯಾಗಿ 6 ಡಿಗ್ರಿ ಪೂರ್ವಕ್ಕೆ ಜರುಗಿತು. ಅಕ್ಕಲಕೋಟೆಯ ಬಾವಿಗಳು ಹೋಗಿ ಆಂಧ್ರದಲ್ಲಿ, ರಾಜಮಂಡ್ರಿಯ ಆಚೆ ಕೂತಿವೆ. ಜತ್ ತಾಲೂಕಿನವು ಏಲೂರಿನ ಉತ್ತರಕ್ಕೆ. ಜತ್ ಜನ ನೀರಿಗಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದಾರೋ ಏನೋ, ನೀವು ಬಾವಿಗಳನ್ನೇ ಗೋದಾವರಿ ಕಡೆಗೆ ಕಳಿಸಿಬಿಟ್ಟಿರಿ! ನಕ್ಷೆಯನ್ನು ಒಂದು ಸಲ ಕಣ್ಣಲ್ಲಿ ನೋಡಿದ್ದರೆ ಸಾಕಿತ್ತು.

ಇನ್ನೊಂದು ಎಡವಟ್ಟು ಕಣ್ಣಿಗೆ ಅಷ್ಟು ಬೇಗ ಬೀಳುವಂಥದ್ದಲ್ಲ. ಮಾಹಿತಿಯನ್ನು ಮಧ್ಯದಲ್ಲಿ ಶೇಪ್‌ಫೈಲ್ ಎಂಬ ಹಳೆಯ ನಮೂನೆಯ ನಕ್ಷೆ ಕಡತ ಮಾಡಿ ಏರಿಸಿದ್ದಾರೆ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಅಕ್ಷರವೇ ಮಿತಿ. 'ವಾಟರ್ ಲೆವೆಲ್ ಮೇ', 'ವಾಟರ್ ಲೆವೆಲ್ ನವೆಂಬರ್' ಅಂತ ಇಂಗ್ಲಿಷ್‌ನಲ್ಲಿದ್ದ ಎರಡು ಕಾಲಂಗಳು ಅಲ್ಲಿ ಕತ್ತರಿಸಿ ಹೋದವು. ತಿಂಗಳ ಹೆಸರೇ ಉಳಿಯಲಿಲ್ಲ. ಒಂದಕ್ಕೆ ಬರೀ 'ವಾಟರ್ ಲೆವೆ' ಅಂತ, ಇನ್ನೊಂದಕ್ಕೆ ಅದನ್ನೇ ಇನ್ನಷ್ಟು ಮೊಟಕು ಮಾಡಿ ಕೊನೆಗೆ 1 ಅಂತ. ಈಗ ಯಾವುದು ಬೇಸಿಗೆ, ಯಾವುದು ಮಳೆ ಕಳೆದ ಮೇಲಿನದು? ಅಂಕಿ ನೋಡಿ ಊಹಿಸಿ ಅಂದರು ನಿಮ್ಮ ಹುಡುಗರು. ಕಾಲುವೆ ನೀರು ಬರುವ ಊರಲ್ಲಿ ಬೇಸಿಗೆಯಲ್ಲೂ ಬಾವಿ ಮೇಲೇರುವುದುಂಟು, ಊಹೆಗೆ ಅಲ್ಲಿ ಜಾಗವಿಲ್ಲ. ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಹಳೆಯ ಊರ ಹೆಸರುಗಳನ್ನು ಯೂನಿಕೋಡ್‌ಗೆ ಬದಲಿಸದೆ ಹಾಗೇ ತುಂಬಿರುವುದರಿಂದ ಅರ್ಧ ನಕ್ಷೆಯಲ್ಲಿ ಊರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ. ಕನ್ನಡ ಬಲ್ಲ ಕಂಪನಿ ಅಂತ ನಿಮ್ಮನ್ನು ಆರಿಸಿದ್ದು ಇದಕ್ಕೇ ಆಗಿತ್ತು.

ಪಾಸ್‌ವರ್ಡ್‌ಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸರ್ವರ್‌ನ ಮುಖ್ಯ ಆಡಳಿತ ಖಾತೆ, ಪೋರ್ಟಲ್‌ನ ಮೊದಲ ಆಡಳಿತ ಖಾತೆ, ಎರಡರ ಪಾಸ್‌ವರ್ಡೂ ನಮಗೆ ಕೊಟ್ಟಿಲ್ಲ. ವಿಂಡೋಸ್ ಸೇವೆಗಳು ನಿಮ್ಮ ಇಂಜಿನಿಯರ್‌ಗೆ ನಾವು ತಾತ್ಕಾಲಿಕವಾಗಿ ಕೊಟ್ಟಿದ್ದ ಖಾತೆಯಲ್ಲೇ ಓಡುತ್ತಿವೆ. ಅದರ ಪಾಸ್‌ವರ್ಡ್ ಅವಧಿ ಮುಗಿದಿದೆ. ಪುಣೆಯಲ್ಲಿ ಗುರುವಾರ ಬಂತೆಂದರೆ ದುರಸ್ತಿ ಅಂತ ಕರೆಂಟ್ ತೆಗೆಯುವುದು ಮಾಮೂಲು. ಯುಪಿಎಸ್ ಸತ್ತು ಯಂತ್ರ ಮತ್ತೆ ಎದ್ದಾಗ ಸೇವೆಗಳು ಏಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ನಿಮ್ಮ ಇಂಜಿನಿಯರ್ ಫೋನ್ ಎತ್ತುವವರೆಗೂ ನಾವು ಸುಮ್ನೆ ಕೂತಿರಬೇಕು.

ಈಗ ನಮಗೆ ಬೇಕಾದದ್ದು ಹೇಳುತ್ತೇನೆ. ನಮ್ಮ ಡೊಮೇನ್ ಹೆಸರಿನಲ್ಲಿ, ಮಾನ್ಯ ಸರ್ಟಿಫಿಕೇಟ್ ಹಾಕಿ, ವ್ಯವಸ್ಥೆಯನ್ನು ಮೊದಲಿನಿಂದ ಕೂರಿಸಿಕೊಡಿ. ಹೆಚ್ಚಿನ ದುಡ್ಡಿಲ್ಲದೆ. ಹಳೆಯ ಮಾಹಿತಿಯನ್ನು ನಾವು ಕೊಟ್ಟ ಮೂಲ ಕಡತಗಳಿಂದಲೇ ಮತ್ತೆ ಏರಿಸಿ, ಶೇಪ್‌ಫೈಲ್ ದಾರಿ ಬೇಡ. ಬ್ಯಾಕಪ್ ಬೇರೆ ಯಂತ್ರಕ್ಕೆ ಹೋಗಲಿ. ಅದನ್ನು ನಮ್ಮ ಕಣ್ಣೆದುರು ಒಂದು ಸಲ ರಿಸ್ಟೋರ್ ಮಾಡಿ ತೋರಿಸಿ, ರಿಸ್ಟೋರ್ ಆಗದ ಬ್ಯಾಕಪ್ ಇಟ್ಟುಕೊಂಡು ಏನು ಮಾಡುವುದು? ಎಲ್ಲ ಖಾತೆಗಳ ಪಾಸ್‌ವರ್ಡ್ ಲಿಖಿತವಾಗಿ ಕೊಡಿ. 6080 ತೆರೆದಿದ್ದ ದಿನಗಳ ಸರ್ವರ್ ಲಾಗ್‌ಗಳು ನಿಮ್ಮವರ ಲ್ಯಾಪ್‌ಟಾಪ್‌ನಲ್ಲಿವೆ ಎಂದು ಗೊತ್ತಾಗಿದೆ. ಅವನ್ನು ಅಳಿಸದೆ ನಮಗೆ ಕಳಿಸಿ. ಯಾರ್ಯಾರು ಆ ಪಟ್ಟಿ ಇಳಿಸಿಕೊಂಡಿದ್ದಾರೆ ಎಂದು ನೋಡಿ ರೈತರಿಗೆ ತಿಳಿಸುವುದು ನಮ್ಮ ಕರ್ತವ್ಯ.

ಪರೀಕ್ಷೆ ಆಫೀಸಿನಲ್ಲಿ ಬೇಡ. ನಿಮ್ಮ ಇಂಜಿನಿಯರ್ ನಮ್ಮ ಹುಡುಗರ ಜೊತೆ ದುಧನಿಗೆ ಬರಲಿ, ಮೊಬೈಲ್ ಡೇಟಾದಲ್ಲಿ ಲಾಗಿನ್ ಆಗಿ ಒಂದು ಬಾವಿಯ ಅಳತೆ ತುಂಬಲಿ. ಪುಣೆಯಲ್ಲಿ ನಾವು ಅದನ್ನು ನಕ್ಷೆಯಲ್ಲಿ, ಸರಿಯಾದ ಜಾಗದಲ್ಲಿ ನೋಡಿದ ದಿನ ಫಾರ್ಮಿಗೆ ಸಹಿ ಬೀಳುತ್ತದೆ, ಕಂತೂ ಪಾವತಿಯಾಗುತ್ತದೆ.

ಮುಂದಿನ ಅಳತೆ ಆಗಸ್ಟ್‌ನಲ್ಲಿದೆ. ಈ ಪತ್ರ ತಲುಪಿದ 15 ದಿನದೊಳಗೆ ಕೆಲಸದ ವೇಳಾಪಟ್ಟಿ ಲಿಖಿತವಾಗಿ ಬರಬೇಕು. ಬರದಿದ್ದರೆ ಒಪ್ಪಂದದಲ್ಲಿರುವ ಮಧ್ಯಸ್ಥಿಕೆ ಷರತ್ತಿನ ಪ್ರಕಾರ ನೋಟಿಸ್ ಕಳಿಸುತ್ತೇವೆ, ಭದ್ರತಾ ಠೇವಣಿಯನ್ನು ತಡೆಹಿಡಿಯುತ್ತೇವೆ. ದಯವಿಟ್ಟು ಇದನ್ನೂ ಟಿಕೆಟ್ ಮಾಡಿ ಮುಚ್ಚಬೇಡಿ.

ಇಂತಿ,
ಕಾರ್ಯದರ್ಶಿ

ಅಡಕ: ಬಿಲ್, ಸಹಿ ಹಾಕದ ಫಾರ್ಮ್, ರಾಜಮಂಡ್ರಿಯ ಆಚೆ ಕೂತ ಬಾವಿಗಳ ನಕ್ಷೆಯ ಪ್ರತಿ