ಡಾರ್ಲಿಂಗ್ ನದಿಯನ್ನು ಕೊಂದದ್ದು ಬರವೊಂದೇ ಅಲ್ಲ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ಪ್ರಕಟವಾದ ಪ್ರವಾಸ ಲೇಖನವೊಂದರಲ್ಲಿ ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯನ್ನು ಬರಗಾಲಕ್ಕೆ ಬಲಿಯಾದ ನದಿ ಎಂದು ಬಣ್ಣಿಸಲಾಗಿದೆ. ನ್ಯೂ ಸೌತ್ ವೇಲ್ಸ್‌ನ ಬರ್ಕ್ ಪಟ್ಟಣದಿಂದ ವಿಲ್ಕೇನಿಯಾ ಮಾರ್ಗವಾಗಿ ಮೆನಿಂಡಿಯವರೆಗೆ ದಡದ ಮಣ್ಣುರಸ್ತೆಯಲ್ಲಿ ಪ್ರಯಾಣಿಸಿದ ನನಗೆ ಈ ಮಾತು ಅರ್ಧ ಸತ್ಯವೆನಿಸಿತು.

ಆ ಸೀಮೆಯಲ್ಲಿ ಮಳೆ ಬಲು ಕಡಿಮೆ. ನದಿಗೆ ನೀರು ಬರುವುದು ದೂರದ ಉತ್ತರದಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ದಕ್ಷಿಣ ಭಾಗದಲ್ಲೂ ಬಾರ್ವನ್ ಮತ್ತದರ ಉಪನದಿಗಳ ಬಯಲಿನಲ್ಲೂ ಸುರಿದ ಮಳೆಯಿಂದ. ಅದು ಕೆಳಗಿನ ಊರುಗಳನ್ನು ಮುಟ್ಟಲು ವಾರಗಳೇ ಬೇಕು. ಹೀಗಾಗಿ ನೆತ್ತಿಯ ಮೇಲೆ ಒಂದು ತುಂಡು ಮೋಡವಿಲ್ಲದಾಗಲೂ ಅಲ್ಲಿ ಹೊಳೆ ಏರುವುದುಂಟು. ಉಣ್ಣೆಯ ಮೂಟೆ ಹೊತ್ತ ಹಬೆದೋಣಿಗಳಿಗೆ ದಾರಿ ಬಿಡಲೆಂದು ಮೇಲೇಳುವಂತೆ ಕಟ್ಟಿದ ಹತ್ತೊಂಬತ್ತನೆಯ ಶತಮಾನದ ಸೇತುವೆಗಳು ಬರ್ಕ್ ಬಳಿಯೂ ವಿಲ್ಕೇನಿಯಾದಲ್ಲೂ ಈಗಲೂ ನಿಂತಿವೆ. ಆ ಕಾಲದಲ್ಲೂ ಹೊಳೆ ಬತ್ತಿ ದೋಣಿಗಳು ತಿಂಗಳುಗಟ್ಟಲೆ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು ಎಂಬುದನ್ನು ನೆನೆದರೆ, ತುಂಬುವುದೂ ಬತ್ತುವುದೂ ಈ ನದಿಗೆ ಹೊಸತಲ್ಲ.

ಹೊಸತು ಬೇರೆಯೇ ಇದೆ. 2018ರ ಕೊನೆ ಮತ್ತು 2019ರ ಆರಂಭದಲ್ಲಿ ಮೆನಿಂಡಿಯ ಬಳಿ ನಿಂತ ನೀರಿನಲ್ಲಿ ಪಾಚಿ ಹಬ್ಬಿ, ಆಮ್ಲಜನಕ ಸಾಲದೆ ಲಕ್ಷಾಂತರ ಮೀನುಗಳು ಸತ್ತಾಗ, ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿಯ ತಜ್ಞರು ಬರದ ಜೊತೆಗೆ ಮೇಲ್ದಂಡೆಯಲ್ಲಿ ಮಿತಿಮೀರಿ ನೀರೆತ್ತಿದ್ದನ್ನೂ ಕಾರಣವೆಂದು ಸ್ಪಷ್ಟವಾಗಿ ಹೇಳಿದರು. ಮೇಲ್ದಂಡೆಯ ಆ ನೀರಿನ ದೊಡ್ಡ ಪಾಲು ಹತ್ತಿಯ ಹೊಲಗಳಿಗೆ ಹೋಗುತ್ತದೆ. 2023ರ ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಕೋಟಿಗೂ ಮೀರಿ ಮೀನುಗಳು ಸತ್ತವು; ಆಗ ಬರವಿರಲಿಲ್ಲ, ದೊಡ್ಡ ಪ್ರವಾಹವೊಂದು ಆಗಷ್ಟೇ ಇಳಿಯುತ್ತಿತ್ತು. ಬರವನ್ನೊಂದೇ ದೂರುವವರು ಈ ಎರಡನೆಯ ಘಟನೆಗೆ ಏನನ್ನುತ್ತಾರೋ ಕಾಣೆ.

ನಾನು ಹೋದಾಗ ನೀರು ಗೋಡುಮಣ್ಣಿನ ಬಣ್ಣಕ್ಕೆ ತಿರುಗಿ ನಿಧಾನವಾಗಿ ಹರಿಯುತ್ತಿತ್ತು. ದಡದ ಕೆಂಪು ನೀಲಗಿರಿ ಮರಗಳ ಬೇರುಗಳು ತಲೆಗಿಂತ ಎತ್ತರದಲ್ಲಿ ಬಯಲಾಗಿದ್ದವು. ಅಲ್ಲಿಗೆ ಹೊರಡುವವರಿಗೊಂದು ಮಾತು: ಸಣ್ಣ ಮಳೆ ಬಿದ್ದರೂ ಆ ಜೇಡಿಮಣ್ಣಿನ ರಸ್ತೆಗಳನ್ನು ಮುಚ್ಚುತ್ತಾರೆ, ಮುಚ್ಚಿದ ರಸ್ತೆಗಿಳಿದರೆ ದಂಡ ತೆರಬೇಕಾಗುತ್ತದೆ.

ಅಲ್ಲಿನ ಮೂಲನಿವಾಸಿಗಳಾದ ಬಾರ್ಕಿಂಜಿ ಜನ ಈ ನದಿಯನ್ನು ಬಾಕಾ ಎನ್ನುತ್ತಾರೆ. ಅವರ ಕುಲದ ಹೆಸರೇ ಈ ನದಿಯಿಂದ ಬಂದದ್ದು. ಮುಂದೆ ಇದರ ಬಗ್ಗೆ ಬರಹ ಪ್ರಕಟಿಸುವಾಗ ಡಾರ್ಲಿಂಗ್ ಎಂಬುದರ ಜೊತೆಗೆ ಆ ಹೆಸರನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ